ಮೂರು ಕಿಟಕಿಯ ದೊನ್ ಅರಿಸ್ತಿದೆಸ್

ಅರಿಸ್ತಿದೆಸ್: ಇಲ್ಲಿ ಆಗಲ್ಲ ಅಂತ ಹೇಳಿದ್ನಲ್ಲ ಪಾಸ್ಟರೇ. ಇದು ರೇವಿನ ಕಿಟಕಿ. ನೀರು ಚೊಕ್ಕಟವಾಗಿದೆಯೋ ಇಲ್ಲವೋ ಅಂತ ಹೇಳೋರು ಆರೋಗ್ಯದ ಇನ್ಸ್‌ಪೆಕ್ಟರು. ಪಕ್ಕದ ಕಿಟಕಿಗೆ ಹೋಗಿ.

ಎವೆಲಿಯೊ: ಪಕ್ಕದ ಕಿಟಕೀಲೂ ನೀವೇ ತಾನೇ ಕೂತ್ಕೊಳ್ಳೋದು ಮಾರಾಯರೇ!

ಅರಿಸ್ತಿದೆಸ್: ನಾನೀಗ ಇಲ್ಲಿದೀನಿ. ಅಲ್ಲಿ ಯಾರೂ ಇಲ್ಲ. ಕಾಯಬೇಕು.

ಎವೆಲಿಯೊ: ಯಾರಿಗೆ ಕಾಯ್ಲಿ?

ಅರಿಸ್ತಿದೆಸ್: ಆರೋಗ್ಯದ ಇನ್ಸ್‌ಪೆಕ್ಟರಿಗೆ.

ಎವೆಲಿಯೊ: ಅವರು ಯಾವಾಗ ಬರ್ತಾರೆ?

ಅರಿಸ್ತಿದೆಸ್: ನಾನು ಎದ್ದ ಮೇಲೆ.

ಪಾಸ್ಟರ್ ಎವೆಲಿಯೊ ಹಣೆಯ ಬೆವರು ಒರೆಸಿಕೊಂಡರು. ಬೆಳಿಗ್ಗೆ ಹತ್ತಕ್ಕೇ ಮಗ್ದಲೇನಾ ನದಿಯ ಕಡೆಯಿಂದ ಕಾದ ಗಾಳಿ ಬರುತ್ತಿತ್ತು. ರೆಮಾನ್ಸೊ ಊರಿನ ಈ ಪೌರಸಭೆ ಕಚೇರಿಯಲ್ಲಿ ಒಂದು ಕಾಲಕ್ಕೆ ನಿಜವಾಗಿಯೂ ಮೂರು ಜನ ಇನ್ಸ್‌ಪೆಕ್ಟರುಗಳಿದ್ದರು. ಆರೋಗ್ಯದವನು ಹಲ್ಲು ಕೀಳಿಸಿಕೊಂಡು ಬರ್ತೀನಿ ಅಂತ ಬಾರಾಂಕಿಯಾ ನಗರಕ್ಕೆ ಹೋದವನು ಹಲ್ಲಿನ ಜೊತೆ ತಾನೂ ಅಲ್ಲೇ ಉಳಿದುಬಿಟ್ಟ. ಶಾಂತಿಪಾಲನೆಯವನು ನದಿಯ ಮೇಲ್ಗಡೆ ಊರಿನ ವಿಧವೆಯೊಬ್ಬಳನ್ನು ಕಟ್ಟಿಕೊಂಡು ಅವಳ ಚೀಸು ಮಾರುತ್ತಾ ಕೂತ. ಮಿಕ್ಕವರು ರೇವಿನ ಇನ್ಸ್‌ಪೆಕ್ಟರ್ ದೊನ್ ಅರಿಸ್ತಿದೆಸ್ ಒಬ್ಬರೇ. ಹೊಸಬರನ್ನು ಹುಡುಕುವ ಗೋಜು ಯಾರಿಗೆ ಬೇಕು ಅಂತ ಮೇಯರ್ ಸಾಹೇಬರು ಉಳಿದೆರಡು ಟೋಪಿಗಳನ್ನೂ ಇವರ ಬೋಳು ತಲೆಗೇ ಒಪ್ಪಿಸಿದರು.

ಬೇರೆ ಯಾರೇ ಆಗಿದ್ದರೂ ಒಂದೇ ಕಿಟಕಿಯಲ್ಲಿ ಕೂತು ಮೂರು ಮುದ್ರೆ ಗುದ್ದಿ ಮಧ್ಯಾಹ್ನದ ನಿದ್ದೆಗೆ ಹೋಗುತ್ತಿದ್ದರು. ದೊನ್ ಅರಿಸ್ತಿದೆಸ್ ಅಂಥವರಲ್ಲ. ರೇವಿಗೆ ಬಿಳಿ ಟೋಪಿ, ಆರೋಗ್ಯಕ್ಕೆ ಹುಲ್ಲಿನ ಟೋಪಿ, ಶಾಂತಿಪಾಲನೆಗೆ ಹಸಿರು ಟೋಪಿ. ಇರುವ ಒಂದೇ ಕುರ್ಚಿಯನ್ನು ಕಿಟಕಿಯಿಂದ ಕಿಟಕಿಗೆ ಕರಕರ ಎಳೆದುಕೊಂಡು ಹೋಗಿ, ಟೋಪಿ ಬದಲಿಸಿ, ಕೆಮ್ಮಿ, ಹೊಸದಾಗಿ ‘ಏನು ಬೇಕಿತ್ತು?’ ಅನ್ನುತ್ತಿದ್ದರು. ತಮಗೆ ತಾವೇ ಪತ್ರ ಬರೆದುಕೊಳ್ಳುತ್ತಿದ್ದರು, ಉತ್ತರ ತಡವಾದರೆ ತಮಗೆ ತಾವೇ ಜ್ಞಾಪನಾಪತ್ರವನ್ನೂ ಕಳಿಸುತ್ತಿದ್ದರು. ಆರೋಗ್ಯದವನು ಶುದ್ಧ ಸೋಮಾರಿ ಅಂತ ರೇವಿನವರಿಗೆ ಮೊದಲಿನಿಂದಲೂ ಅನುಮಾನ.

ಇಂಥವರ ಮುಂದೆ ಪಾಸ್ಟರ್ ಎವೆಲಿಯೊ ಅರ್ಜಿ ಹಿಡಿದು ನಿಂತಿದ್ದರು. ಭಾನುವಾರ ಬೆಳಿಗ್ಗೆ ಆರಕ್ಕೆ ರೇವಿನ ಮೆಟ್ಟಿಲ ಹತ್ತಿರ ಒಂದು ದೀಕ್ಷಾಸ್ನಾನ. ಅದಕ್ಕೆ ಮೂರು ಕಿಟಕಿಯ ಮೂರು ಸಹಿ ಬೇಕು. ನಾಳೆಯಿಂದ ಕಚೇರಿಗೆ ರಜೆ.

ಎವೆಲಿಯೊ: ಸರಿ, ರೇವಿನವರಾದ್ರೂ ಸಹಿ ಹಾಕಿ.

ಅರಿಸ್ತಿದೆಸ್: ದೋಣಿಗೆ ಅಡ್ಡ ಬರ್ತೀರಾ?

ಎವೆಲಿಯೊ: ಇಲ್ಲ.

ಅರಿಸ್ತಿದೆಸ್: ಲಂಗರು ಹಾಕ್ತೀರಾ?

ಎವೆಲಿಯೊ: ಮನುಷ್ಯರನ್ನ ಮುಳುಗಿಸಿ ಎತ್ತೋದಕ್ಕೆ ಲಂಗರು ಯಾಕೆ?

ಅರಿಸ್ತಿದೆಸ್: ಎತ್ತೋದು ಖಾತ್ರಿಯಾ?

ಎವೆಲಿಯೊ: ದೊನ್ ಅರಿಸ್ತಿದೆಸ್!

ಅರಿಸ್ತಿದೆಸ್: ಕೇಳೋದು ನನ್ನ ಧರ್ಮ. ಸರಿ, ರೇವಿನ ಕಡೆಯಿಂದ ತಕರಾರಿಲ್ಲ.

ಮುದ್ರೆ ಬಿತ್ತು. ಒಂದು ಸಹಿ ಆಯಿತು. ದೊನ್ ಅರಿಸ್ತಿದೆಸ್ ಬಿಳಿ ಟೋಪಿ ತೆಗೆದು ಮೊಳೆಗೆ ಹಾಕಿ, ಕುರ್ಚಿ ಎಳೆದುಕೊಂಡು ನಾಲ್ಕು ಹೆಜ್ಜೆ ಆಚೆ ಹೋಗಿ, ಹುಲ್ಲಿನ ಟೋಪಿ ಇಟ್ಟುಕೊಂಡು ಎರಡನೇ ಕಿಟಕಿ ತೆರೆದರು.

ಅರಿಸ್ತಿದೆಸ್: ಓಹೋ, ಪಾಸ್ಟರು! ಅಪರೂಪ. ಏನು ಬೇಕಿತ್ತು?

ಎವೆಲಿಯೊ: ಇದೇ ಅರ್ಜಿ! ಈಗ ತಾನೇ ಓದಿದ್ರಿ!

ಅರಿಸ್ತಿದೆಸ್: ರೇವಿನವರು ಓದಿರಬಹುದು. ಆ ಮನುಷ್ಯ ನನಗೆ ಏನೂ ಹೇಳಲ್ಲ. ಕೊಡಿ ಇಲ್ಲಿ.

ಎವೆಲಿಯೊ: ನೋಡಿ, ನಾಲ್ಕು ವರ್ಷದಿಂದ ನಾನು ನಿಮಗೆ ಹೇಳ್ತಿರೋದು ಇದೇ. ಟೋಪಿ ಮೂರು, ತಲೆ ಒಂದೇ. ದೇವರೂ ಹಾಗೇ. ಸೃಷ್ಟಿ ಮಾಡುವಾಗ ತಂದೆ, ನಮ್ಮನ್ನ ಉಳಿಸೋಕೆ ಬಂದಾಗ ಮಗ, ಎದೆಯೊಳಗೆ ಬಂದು ಕೂತಾಗ ಪವಿತ್ರಾತ್ಮ. ಆಳು ಒಬ್ಬನೇ. ಹೆಸರು ಯೇಸು.

ಅರಿಸ್ತಿದೆಸ್: ಶುರುವಾಯ್ತು!

ಶುರುವಾಯಿತು ಅಂದರೂ ಅವರ ಮುಖ ಅರಳಿತು. ಪಾಸ್ಟರ ಸಭೆ ‘ಯೇಸು ಒಬ್ಬನೇ’ ಅನ್ನುವವರದು; ಊರಿನ ಕಥೋಲಿಕ ಗುಡಿಯವರದು ಮೂವರು ವ್ಯಕ್ತಿ ಸೇರಿ ಒಬ್ಬನೇ ದೇವರು ಅನ್ನುವ ಪಕ್ಷ. ದೊನ್ ಅರಿಸ್ತಿದೆಸ್ ಹಬ್ಬದ ಮೆರವಣಿಗೆಯಲ್ಲಿ ಪಾದ್ರಿಯ ಮೇಲೆ ಛತ್ರಿ ಹಿಡಿಯುವವರ ಪೈಕಿ. ಈ ಇಬ್ಬರೂ ನಾಲ್ಕು ವರ್ಷದಿಂದ ದಿನಾ ಸಂಜೆ ಕಚೇರಿ ಮುಂದಿನ ಬೆಂಚಿನ ಮೇಲೆ ಕೂತು, ಸಕ್ಕರೆ ಹಾಕಿದ ಕಪ್ಪು ಕಾಫಿ ಕುಡಿದು, ಕಿತ್ತಾಡಿ, ನಾಳೆ ಬನ್ನಿ ಅಂತ ಹೇಳಿ ಎದ್ದು ಹೋಗುತ್ತಿದ್ದರು. ಊರಿನವರಿಗೆ ಅದು ರೇಡಿಯೊ ಕೇಳಿದ ಹಾಗೆ ಆಗಿಹೋಗಿತ್ತು.

ಅರಿಸ್ತಿದೆಸ್: ನಿಮ್ಮ ಲೆಕ್ಕದಲ್ಲಿ ಯೇಸು ಗೆತ್ಸೆಮನೆ ತೋಟದಲ್ಲಿ ಮಂಡಿಯೂರಿ ‘ಅಪ್ಪಾ’ ಅಂತ ಕರೆದ್ನಲ್ಲ, ಯಾರನ್ನ ಕರೆದ? ತನ್ನನ್ನ ತಾನೇ ಕರ್ಕೊಂಡ್ನಾ?

ಎವೆಲಿಯೊ: ಅವನೊಳಗಿನ ಮನುಷ್ಯ ಅವನೊಳಗಿನ ದೇವರನ್ನ ಕರೆದ. ನಿಮಗೆ ಯಾಕೆ ಅರ್ಥ ಆಗಲ್ಲ ಸ್ವಾಮಿ? ಹೋದ ವಾರ ನಿಮಗೆ ನೀವೇ ಪತ್ರ ಬರ್ಕೊಂಡ್ರಲ್ಲ!

ಅರಿಸ್ತಿದೆಸ್: ಅದಕ್ಕೆ ಉತ್ತರ ಬಂದಿದೆ.

ಎವೆಲಿಯೊ: ಏನಂತ?

ಅರಿಸ್ತಿದೆಸ್: ‘ವಿಷಯ ಪರಿಶೀಲನೆಯಲ್ಲಿದೆ’ ಅಂತ. ಒಬ್ಬನೇ ಆಗಿದ್ರೆ ಪರಿಶೀಲನೆ ಯಾಕೆ ಬೇಕು ಹೇಳಿ? ಕೇಳೋ ಮೊದಲೇ ನನಗೆ ಗೊತ್ತಿರ್ತಿತ್ತು.

ಎವೆಲಿಯೊ: ಅಯ್ಯೋ ನನ್ನ ಕರ್ಮವೇ!

ಅರಿಸ್ತಿದೆಸ್: ಕರ್ಮ ಗಿರ್ಮ ಬಿಡಿ. ಯೊರ್ದಾನ್ ನದೀಲಿ ಏನಾಯ್ತು? ಮಗ ಸೊಂಟದವರೆಗೆ ನೀರಲ್ಲಿ. ಮೇಲಿಂದ ತಂದೆಯ ದನಿ. ಪಾರಿವಾಳದ ಹಾಗೆ ಇಳಿದು ಬಂದ ಪವಿತ್ರಾತ್ಮ. ಮೂರೂ ಒಂದೇ ಹೊತ್ತಿಗೆ. ಒಬ್ಬನೇ ಮೂರು ಕಡೆ ಹೇಗಿದ್ದ?

ಎವೆಲಿಯೊ: ದೇವರು ಎಲ್ಲಾ ಕಡೆ ಇರ್ತಾನೆ. ನೀವು ಮಾತ್ರ ಎರಡು ಕಿಟಕೀಲಿ ಇರಲ್ಲ.

ಬೇರೆ ದಿನ ಆಗಿದ್ದರೆ ಈ ಮಾತಿಗೆ ಪಾಸ್ಟರ್ ತಾವೇ ಬಿದ್ದು ಬಿದ್ದು ನಗುತ್ತಿದ್ದರು. ಇವತ್ತು ನಗು ಬರಲಿಲ್ಲ. ಅಂಗಿಯ ಜೇಬಿನಲ್ಲಿ ಸಭೆಯ ಮೇಲ್ವಿಚಾರಕರ ಪತ್ರವಿತ್ತು. ‘ಸೋದರ ಎವೆಲಿಯೊ, ನಾಲ್ಕು ವರ್ಷದಲ್ಲಿ ರೆಮಾನ್ಸೊದಲ್ಲಿ ಒಬ್ಬರೂ ನೀರಿಗೆ ಇಳಿದಿಲ್ಲ. ಶನಿವಾರ ಲಾಂಚಿನಲ್ಲಿ ಬಂದು, ಭಾನುವಾರ ಬೆಳಿಗ್ಗೆ ಕಣ್ಣಾರೆ ನೋಡುತ್ತೇನೆ. ಅಂದೂ ಯಾರೂ ಇಳಿಯದಿದ್ದರೆ ಸೋಮವಾರವೇ ನಿಮ್ಮನ್ನು ಬೆಟ್ಟದ ಮೇಲಿನ ಸಭೆಗೆ ಕಳಿಸುತ್ತೇನೆ.’ ನಾಲ್ಕು ವರ್ಷ ಗಂಟಲು ಹರಿದುಕೊಂಡಿದ್ದಕ್ಕೆ ಪಾಸ್ಟರಿಗೆ ಸಿಕ್ಕಿದ್ದು ಒಂದೇ ಒಂದು ಜೀವ. ಆ ಜೀವದ ಹೆಸರು ಅರ್ಜಿಯ ಎರಡನೇ ಹಾಳೆಯಲ್ಲಿತ್ತು. ಆ ಹಾಳೆ ಈಗ ಆರೋಗ್ಯದ ಇನ್ಸ್‌ಪೆಕ್ಟರ ಕೈಯಲ್ಲಿತ್ತು.

ಅರಿಸ್ತಿದೆಸ್: ಎಷ್ಟು ಜನ ಇಳೀತಾರೆ?

ಎವೆಲಿಯೊ: ಒಬ್ಬರು.

ಅರಿಸ್ತಿದೆಸ್: ನಾಲ್ಕು ವರ್ಷಕ್ಕೆ?

ಎವೆಲಿಯೊ: ಗುಣ ಮುಖ್ಯ. ಸಂಖ್ಯೆ ಅಲ್ಲ.

ಅರಿಸ್ತಿದೆಸ್: ಗಂಡಸಾ, ಹೆಂಗಸಾ?

ಎವೆಲಿಯೊ: ಹೆಂಗಸು.

ಅರಿಸ್ತಿದೆಸ್: ವಯಸ್ಸು?

ಎವೆಲಿಯೊ: ಐವತ್ತೆರಡು.

ಅರಿಸ್ತಿದೆಸ್: ಚರ್ಮರೋಗ, ಅಂಟುಜಾಡ್ಯ?

ಎವೆಲಿಯೊ: ಏನೂ ಇಲ್ಲ. ಗಟ್ಟಿಮುಟ್ಟಾಗಿದಾರೆ.

ಅರಿಸ್ತಿದೆಸ್: ಇದೇನು ಅಕ್ಷರ, ಇರುವೆ ಸಾಲು ಹೋದ ಹಾಗಿದೆ. ವಿಳಾಸ ಓದಿ ಹೇಳಿ.

ಎವೆಲಿಯೊ: ಗುಡಿಯ ಹಿಂದುಗಡೆ... ಹಳದಿ ಬಾಗಿಲು.

ಅರಿಸ್ತಿದೆಸ್: ಗುಡಿಯ ಹಿಂದುಗಡೆ ಹಳದಿ ಬಾಗಿಲಿರೋದು ನಮ್ಮನೇದು.

ಎವೆಲಿಯೊ: ಹೌದಾ?

ಅರಿಸ್ತಿದೆಸ್: ಹೌದಾ ಅಂದ್ರೆ? ಪ್ರತಿ ಮಂಗಳವಾರ ಬಂದು ಮೀನಿನ ಸಾರು ಉಣ್ಣೋರು ನೀವು! ನಮ್ಮನೇಲಿ ಯಾರಿದಾರೆ ನೀರಿಗೆ ಇಳಿಯೋಕೆ? ಅಡಿಗೆಯವಳಾ?

ಎವೆಲಿಯೊ: ನಿಮ್ಮನೇಲಿ ಅಡಿಗೆಯವಳಿಲ್ಲ.

ಅರಿಸ್ತಿದೆಸ್: ಮತ್ತೆ ನಮ್ಮನೇಲಿ ಅಡಿಗೆ ಮಾಡೋಳು... ಮಾಡೋಳು...

ಹುಲ್ಲಿನ ಟೋಪಿ ನಿಧಾನಕ್ಕೆ ಹಿಂದಕ್ಕೆ ಜಾರಿತು. ಅವರ ಮುಖ ಮೊದಲು ಬಿಳಿಚಿ, ಆಮೇಲೆ ಕೆಂಪಾಗಿ, ಕೊನೆಗೆ ಒಂದು ಹೆಸರಿಲ್ಲದ ಬಣ್ಣಕ್ಕೆ ಬಂತು. ತಟ್ಟನೆ ಎದ್ದು ಕುರ್ಚಿಯನ್ನೂ ಎಳೆಯದೆ ಮೂರನೇ ಕಿಟಕಿಗೆ ಹಾರಿ, ಹಸಿರು ಟೋಪಿ ತಿರುವುಮುರುವಾಗಿ ಹಾಕಿಕೊಂಡು, ನಿಂತೇ ಕೂಗಿದರು.

ಅರಿಸ್ತಿದೆಸ್: ನಿಮ್ಮನ್ನ ಒಳಗೆ ಹಾಕ್ತೀನಿ! ಮನೆ ಒಡೆಯೋದು, ಶಾಂತಿಭಂಗ, ಇನ್ನೊಬ್ಬರ ಹೆಂಡತಿಗೆ ಬೇರೆ ದೇವರನ್ನ ಕಲಿಸೋದು!

ಎವೆಲಿಯೊ: ಬೇರೆ ದೇವರಲ್ಲ, ಅದೇ ದೇವರು. ಸ್ವಲ್ಪ ಎಣಿಕೆ ಕಮ್ಮಿ ಅಷ್ಟೆ.

ಅರಿಸ್ತಿದೆಸ್: ನನ್ನ ಹೆಂಡತಿ! ನನ್ನ ನೊಹೆಮಿ!

ಎವೆಲಿಯೊ: ಒಂದು ನಿಮಿಷ. ಸೋದರಿ ನೊಹೆಮಿ ನಿಮ್ಮಲ್ಲಿ ಯಾರ ಹೆಂಡತಿ? ರೇವಿನವರದಾ, ಆರೋಗ್ಯದವರದಾ, ಶಾಂತಿಪಾಲನೆಯವರದಾ?

ಅರಿಸ್ತಿದೆಸ್: ಮೂವರದ್ದೂ!

ಎವೆಲಿಯೊ: ಹಾಗಾದ್ರೆ ಆಕೆಗೆ ಮೂವರು ಗಂಡಂದಿರು. ಪಾದ್ರಿಗೆ ಗೊತ್ತಾ ಈ ವಿಷಯ?

ಅರಿಸ್ತಿದೆಸ್: ಬಾಯಿ ಮುಚ್ಚಿ! ಅವಳಿಗೆ ಒಬ್ಬನೇ ಗಂಡ!

ಎವೆಲಿಯೊ: ಒಬ್ಬನೇ! ಕೇಳಿಸ್ತಾ? ನಿಮ್ಮ ಬಾಯಿಂದಲೇ ಬಂತು! ಒಬ್ಬನೇ!

ಪಾಸ್ಟರ್ ಖುಷಿಯಲ್ಲಿ ಕೈ ಮೇಲೆತ್ತಿ ಕುಣಿಯುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ದೊನ್ಯಾ ನೊಹೆಮಿ. ಆಚೆ ಬಾದಾಮಿ ಮರದ ನೆರಳಲ್ಲಿ ಕಾಯಿರಿ, ನಾನು ಮೆಲ್ಲಗೆ ಹೇಳಿ ಒಪ್ಪಿಸ್ತೀನಿ ಅಂತ ಪಾಸ್ಟರ್ ಆಕೆಯನ್ನು ಕೂರಿಸಿ ಬಂದಿದ್ದರು. ಎರಡು ಗಂಟೆ ಕಾದು ಆಕೆಗೆ ಸಾಕಾಗಿತ್ತು. ಕೈಯಲ್ಲಿ ಬೀಸಣಿಗೆ, ಕಂಕುಳಲ್ಲಿ ಕೊಡೆ, ಮುಖದಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವಳ ಸಮಾಧಾನ.

ನೊಹೆಮಿ: ಏನ್ರೀ ಅದು ಕೂಗಾಟ? ಮೀನು ದೋಣಿಯವರೆಗೂ ಕೇಳಿಸ್ತಿದೆ.

ಅರಿಸ್ತಿದೆಸ್: ನೊಹೆಮಿ! ನಿಜಾನಾ ಇದು? ಈ ಮನುಷ್ಯ ನಿನ್ನ ತಲೆ ಕೆಡಿಸಿದ್ನಾ?

ನೊಹೆಮಿ: ಪಾಪ, ಅವರೇನು ಮಾಡ್ತಾರೆ. ಅವರು ಮಾತಾಡುವಾಗ ನನಗೆ ನಿದ್ದೆ ಬರುತ್ತೆ.

ಪಾಸ್ಟರ್ ಎತ್ತಿದ ಕೈ ಇಳಿಸಿದರು.

ಅರಿಸ್ತಿದೆಸ್: ಮತ್ತೆ ಯಾರು ನಿನ್ನ ಮನಸ್ಸು ತಿರುಗಿಸಿದ್ದು?

ನೊಹೆಮಿ: ನೀವೇ.

ಅರಿಸ್ತಿದೆಸ್: ನಾನಾ!

ನೊಹೆಮಿ: ಹೂಂ. ಹೋದ ತಿಂಗಳು ಕೋಳಿಗೂಡು ಕಟ್ಟೋಕೆ ಅನುಮತಿ ಕೇಳೋಕೆ ಬಂದಿದ್ದೆ. ಈ ಕಿಟಕೀಲಿ ನಿಂತೆ, ‘ಅಮ್ಮಾ, ನಿಮ್ಮ ಹೆಸರು?’ ಅಂದ್ರಿ. ಆ ಕಿಟಕೀಲಿ ನಿಂತೆ, ‘ಅಮ್ಮಾ, ಮದುವೆ ಆಗಿದೆಯಾ?’ ಅಂದ್ರಿ. ನನಗೆ ಒಂಥರಾ ಬೆಳಕು ಹತ್ತಿದ ಹಾಗಾಯ್ತು. ಗುಡೀಲಿ ಮೂವರು ಮೂವರು ಅಂತ ಚಿಕ್ಕಂದಿನಿಂದ ಕೇಳ್ಕೊಂಡು ಬಂದೆ. ಇಲ್ಲೂ ಮೂವರು ಅಂತ ಬೋರ್ಡು ಹಾಕಿದಾರೆ. ಆದ್ರೆ ಮೂವರನ್ನೂ ಒಟ್ಟಿಗೆ ನಾನು ಒಂದಿನಾನೂ ನೋಡ್ಲಿಲ್ಲ. ಒಬ್ಬ ಎದ್ದ ಮೇಲೇನೇ ಇನ್ನೊಬ್ಬ ಬರ್ತಾನೆ. ಹಾಗಾದ್ರೆ ಪಾಸ್ಟರ್ ಹೇಳೋದೇ ಸರಿ, ಅಲ್ಲೂ ಹೀಗೇ ಇರಬೇಕು ಅನ್ನಿಸ್ತು.

ದೊನ್ ಅರಿಸ್ತಿದೆಸ್ ಗೋಡೆಗೆ ಒರಗಿದರು. ಪಾಸ್ಟರಿಗೂ ಒಳಗೆ ಚುರುಕ್ ಅಂದಿತು. ನಾಲ್ಕು ವರ್ಷ ಬೈಬಲಿನ ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ತಲೆಕೆಳಗು ಮಾಡಿ ಬೋಧಿಸಿದ್ದು ತಾವು, ಫಲ ಕೊಟ್ಟಿದ್ದು ಕೋಳಿಗೂಡು. ಆದರೂ ಸಿಕ್ಕಿದ ಜೀವ ಸಿಕ್ಕಿತು, ಈಗ ಹಟ ಹಿಡಿದು ಪ್ರಯೋಜನ ಇಲ್ಲ ಅಂತ ನುಂಗಿಕೊಂಡರು.

ಎವೆಲಿಯೊ: ಇನ್ನೆರಡು ಸಹಿ ಹಾಕಿಬಿಡಿ ದೊನ್ ಅರಿಸ್ತಿದೆಸ್.

ಅರಿಸ್ತಿದೆಸ್: ಆಗಲ್ಲ! ರೇವಿನವನು ಒಪ್ಪಿದ, ಅದು ಅವನ ಹಣೆಬರಹ. ಆರೋಗ್ಯದವನು ಒಪ್ಪಲ್ಲ. ಶಾಂತಿಪಾಲನೆಯವನು ಮೊದಲೇ ಒಪ್ಪಲ್ಲ.

ಎವೆಲಿಯೊ: ಹಾಗಾ? ಅಂದ್ರೆ ಒಬ್ಬ ಹೂಂ ಅಂದ, ಇಬ್ಬರು ಊಹೂಂ ಅಂದ್ರು.

ಅರಿಸ್ತಿದೆಸ್: ಹೌದು. ಬೇರೆ ಬೇರೆ ವ್ಯಕ್ತಿ ಅಂತ ಅದಕ್ಕೇ ಹೇಳೋದು.

ಎವೆಲಿಯೊ: ಮೂವರಿಗೆ ಮೂರು ಮನಸ್ಸು. ನಿಮ್ಮ ಗುಡೀಲೂ ಹೀಗೇನಾ? ತಂದೆ ಮಳೆ ಬರಲಿ ಅಂದ್ರೆ ಮಗ ಬೇಡ ಅಂತಾನಾ? ಹಾಗಿದ್ರೆ ಅದು ಮೂರು ದೇವರಾಯ್ತು. ನಿಮ್ಮ ಪಾದ್ರಿಗೆ ಕೇಳಿಸಿದ್ರೆ ನಿಮ್ಮ ಕೈಯಿಂದ ಛತ್ರಿ ಕಿತ್ಕೋತಾರೆ.

ಅರಿಸ್ತಿದೆಸ್: ಯಾರು ಹೇಳಿದ್ದು ಮೂರು ದೇವರು ಅಂತ? ಮೂವರು ವ್ಯಕ್ತಿ, ಚಿತ್ತ ಒಂದೇ! ಚಿಕ್ಕ ಮಕ್ಕಳಿಗೂ ಗೊತ್ತು.

ನೊಹೆಮಿ: ಹೌದು, ತ್ರಿತ್ವದ ಹಬ್ಬದ ದಿನ ಪಾದ್ರಿನೂ ಅದನ್ನೇ ಹೇಳಿದ್ರು. ಒಬ್ಬರು ಒಪ್ಪಿದ್ದಕ್ಕೆ ಇನ್ನಿಬ್ಬರು ಇಲ್ಲ ಅನ್ನೋದು ಅಲ್ಲಿ ಇಲ್ವೇ ಇಲ್ಲ ಅಂತ.

ಎವೆಲಿಯೊ: ಈಗ ಹೇಳಿ. ನೀವು ಒಬ್ಬರೇ ಅಂದ್ರೆ ಆಗಲೇ ಬಿದ್ದ ಒಂದು ಸಹಿ ಸಾಕು, ನಾನು ಹೊರಟೆ. ಮೂವರು ಮೂರು ಮನಸ್ಸು ಅಂದ್ರೆ ನೀವು ಮೂರು ದೇವರನ್ನ ಪೂಜೆ ಮಾಡೋರು, ನಾಳೆಯಿಂದ ಗುಡಿಗೆ ಹೋಗ್ಬೇಡಿ. ಮೂವರು ಒಂದೇ ಮನಸ್ಸು ಅಂದ್ರೆ...

ಅರಿಸ್ತಿದೆಸ್: ಅಂದ್ರೆ?

ಎವೆಲಿಯೊ: ಮೂವರೂ ಸಹಿ ಹಾಕ್ಬೇಕು.

ದೊನ್ ಅರಿಸ್ತಿದೆಸ್ ಮೂರು ಕಿಟಕಿಗಳನ್ನೂ ಒಂದೊಂದಾಗಿ ನೋಡಿದರು, ಮೂವರಲ್ಲಿ ಯಾರಾದರೂ ಒಬ್ಬರು ಸಹಾಯಕ್ಕೆ ಬಂದಾರೇನೋ ಅಂತ. ಪಾಪ, ಯಾರೂ ಬರಲಿಲ್ಲ. ಧರ್ಮ ಉಳಿಸಿಕೊಂಡರೆ ಹೆಂಡತಿ ಹೋಗುತ್ತಾಳೆ, ಹೆಂಡತಿಯನ್ನು ಉಳಿಸಿಕೊಂಡರೆ ಧರ್ಮ ಹೋಗುತ್ತದೆ. ಪಾಸ್ಟರಿಗೆ ತಮ್ಮ ಮಾತಿನ ಬಲೆ ನೋಡಿ ಹೆಮ್ಮೆಯೂ ಆಯಿತು, ಗೆಳೆಯನ ಮುಖ ನೋಡಿ ಅಯ್ಯೋ ಅಂತಲೂ ಅನ್ನಿಸಿತು.

ಅರಿಸ್ತಿದೆಸ್: ಆಯ್ತು. ಹಾಕ್ತೀನಿ. ಆದ್ರೆ ಒಬ್ಬೊಬ್ಬರಾಗಿ ಅಲ್ಲ. ಮೂವರನ್ನ ಒಟ್ಟಿಗೆ ನೋಡಿಲ್ಲ ಅಂದ್ಯಲ್ಲ ನೊಹೆಮಿ? ನೋಡು!

ಅವರು ಬಿಳಿ ಟೋಪಿ ತಲೆಗೆ ಇಟ್ಟರು. ಅದರ ಮೇಲೆ ಹಸಿರು. ಅದರ ಮೇಲೆ ಹುಲ್ಲಿನದು. ಗೋಪುರ ಹೊತ್ತ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು, ಅರ್ಜಿಯನ್ನು ನಡುವಿನ ಕಿಟಕಿಯ ಕಟ್ಟೆಗೆ ಹಾಕಿ, ಧಡ್, ಧಡ್ ಅಂತ ಎರಡು ಮುದ್ರೆ ಒತ್ತಿ ಎರಡು ಸಹಿ ಎಳೆದರು. ಪಾಸ್ಟರ್ ಕಾಗದವನ್ನು ಕಸಿದುಕೊಂಡಂತೆ ತೆಗೆದುಕೊಂಡು ಎದೆಗೊತ್ತಿಕೊಂಡರು. ನಾಲ್ಕು ವರ್ಷಕ್ಕೆ ಮೊದಲ ಸಲ ಎದೆ ಹಗುರಾಯಿತು.

ದೊನ್ಯಾ ನೊಹೆಮಿ ಮಾತ್ರ ಬೀಸಣಿಗೆ ಬೀಸುವುದನ್ನು ನಿಲ್ಲಿಸಿ, ಬಾಯಿ ತೆರೆದು ಗಂಡನನ್ನೇ ನೋಡುತ್ತಿದ್ದಳು.

ನೊಹೆಮಿ: ಪಾಸ್ಟರೇ, ತಪ್ಪು ತಿಳ್ಕೋಬೇಡಿ.

ಎವೆಲಿಯೊ: ಯಾಕೆ ಸೋದರಿ?

ನೊಹೆಮಿ: ನಾನು ಭಾನುವಾರ ಬರಲ್ಲ.

ಎವೆಲಿಯೊ: ಆಂ!

ನೊಹೆಮಿ: ಇಲ್ಲಿ ಮೂವರಿದಾರೆ.

ಎವೆಲಿಯೊ: ಎಲ್ಲಿದಾರೆ ತಾಯೀ! ಟೋಪಿ ಮೂರು! ಇರೋದು ಒಬ್ಬನೇ ಗಂಡಸು!

ನೊಹೆಮಿ: ಅದೇ ನಾನೂ ಇಷ್ಟು ದಿನ ಅಂದ್ಕೊಂಡಿದ್ದೆ. ಆದ್ರೆ ನನ್ನ ಗಂಡನ್ನ ನಾನು ಬಲ್ಲೆ. ಒಬ್ಬನೇ ಆಗಿದ್ರೆ ಜಪ್ಪಯ್ಯ ಅಂದ್ರೂ ಸಹಿ ಹಾಕ್ತಿರ್ಲಿಲ್ಲ. ಮದುವೆ ದಿನಾನೇ ಅರ್ಧ ಗಂಟೆ ಯೋಚನೆ ಮಾಡಿ ಸಹಿ ಹಾಕಿದ ಮನುಷ್ಯ ಇದು. ಇವತ್ತು ಬೇರೆ ಇಬ್ಬರು ಹಿಡಿದು ಒಪ್ಪಿಸಿದಾರೆ. ಒಳಗೆ ಮೂವರಿದ್ದು, ಜಗಳ ಇಲ್ಲದೆ, ಒಂದೇ ಮನಸ್ಸಿಂದ... ನನಗೆ ಮೈ ಜುಂ ಅಂತು ನೋಡಿ. ಪಾದ್ರಿ ಹೇಳೋದು ಸುಳ್ಳಲ್ಲ.

ಅರಿಸ್ತಿದೆಸ್: ನೊಹೆಮಿ! ನನ್ನ ಬಂಗಾರ!

ಎವೆಲಿಯೊ: ದೊನ್ಯಾ ನೊಹೆಮಿ, ಕೋಳಿಗೂಡು! ಕೋಳಿಗೂಡನ್ನ ನೆನಪು ಮಾಡ್ಕೊಳ್ಳಿ!

ನೊಹೆಮಿ: ಕೋಳಿಗೂಡಿಗೆ ಇನ್ನೂ ಅನುಮತಿನೇ ಸಿಕ್ಕಿಲ್ಲ.

ಪಾಸ್ಟರ್ ಬೆಂಚಿನ ಮೇಲೆ ದೊಪ್ಪನೆ ಕೂತರು. ಮೂರು ಸಹಿ, ಮೂರು ಮುದ್ರೆ, ರೇವು ಖಾಲಿ, ನೀರು ಚೊಕ್ಕಟ, ಶಾಂತಿಭಂಗದ ಭಯವೂ ಇಲ್ಲ. ಇಳಿಯುವವರು ಮಾತ್ರ ಇಲ್ಲ. ಜೇಬಿನ ಪತ್ರ ತೆಗೆದು ಮಡಿಲ ಮೇಲೆ ಇಟ್ಟುಕೊಂಡರು. ಕಣ್ಣಲ್ಲಿ ನೀರು ತುಂಬಿತು, ನಾಚಿಕೆಯೂ ಆಯಿತು.

ಅರಿಸ್ತಿದೆಸ್: ಏನದು ಕಾಗದ?

ಎವೆಲಿಯೊ: ಏನಿಲ್ಲ. ಸೋಮವಾರ ನನ್ನನ್ನ ಬೆಟ್ಟಕ್ಕೆ ಕಳಿಸ್ತಾರೆ.

ಅರಿಸ್ತಿದೆಸ್: ಯಾವ ಬೆಟ್ಟ? ಎಷ್ಟು ದಿನಕ್ಕೆ?

ಎವೆಲಿಯೊ: ಪೂರ್ತಿಯಾಗಿ. ಇಲ್ಲಿ ನಾಲ್ಕು ವರ್ಷದಲ್ಲಿ ಒಬ್ಬರೂ ಇಳೀಲಿಲ್ಲವಲ್ಲ. ಅಲ್ಲಿ ಚಳಿ, ಆಲೂಗಡ್ಡೆ ಸಾರು. ಅಲ್ಲಿನ ಜನ ತುಂಬಾ ಒಳ್ಳೆಯವರಂತೆ. ಏನು ಹೇಳಿದ್ರೂ ಸರಿ ಸರಿ ಅಂತಾರಂತೆ.

ಅರಿಸ್ತಿದೆಸ್: ಎದುರು ಮಾತಾಡಲ್ವಾ?

ಎವೆಲಿಯೊ: ಆಡೋದೇ ಇಲ್ವಂತೆ.

ಅರಿಸ್ತಿದೆಸ್: ದೇವರೇ! ಹೇಗೆ ಬದುಕ್ತೀರಿ ಅಲ್ಲಿ?

ದೊನ್ ಅರಿಸ್ತಿದೆಸ್ ಒಂದೊಂದೇ ಟೋಪಿ ಇಳಿಸಿದರು. ಅವರಿಗೆ ಈಗ ನಿಜವಾಗಿ ಸಂಕಟವಾಗಿತ್ತು, ಅದನ್ನು ಮುಚ್ಚಿಡಲೂ ಬರಲಿಲ್ಲ. ಪಾದ್ರಿಯ ಹತ್ತಿರ ದೇವರ ವಿಷಯ ಎತ್ತಿದರೆ ‘ಪುಸ್ತಕ ಓದಿ ಮಗನೇ’ ಅಂತ ಕಳಿಸಿಬಿಡುತ್ತಾರೆ. ಮೇಯರ್ ಹತ್ತಿರ ಎತ್ತಿದರೆ ಅವರು ಕಾಲುಚೆಂಡಿನ ವಿಷಯಕ್ಕೆ ಹೋಗುತ್ತಾರೆ. ಇಡೀ ಊರಿನಲ್ಲಿ ತಮ್ಮನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಬೈಯುವಷ್ಟು ಪ್ರೀತಿ ಇರುವವರು ಇವರೊಬ್ಬರೇ.

ನೊಹೆಮಿ: ಏನ್ರೀ ಸುಮ್ಮನೆ ನಿಂತ್ರಿ? ಸೋಮವಾರ ಸಂಜೆ ಬೆಂಚಿನ ಮೇಲೆ ಒಬ್ಬರೇ ಕೂತು ಯಾರ ಜೊತೆ ಕಿತ್ತಾಡ್ತೀರಿ? ಏನಾದ್ರೂ ಮಾಡಿ.

ದೊನ್ ಅರಿಸ್ತಿದೆಸ್ ಹುಲ್ಲಿನ ಟೋಪಿಯನ್ನು ತಲೆಗಿಟ್ಟು, ಕುರ್ಚಿ ಎಳೆದುಕೊಂಡು, ಎರಡನೇ ಕಿಟಕಿಯಲ್ಲಿ ಕೂತು ಕೆಮ್ಮಿದರು.

ಅರಿಸ್ತಿದೆಸ್: ಪಾಸ್ಟರೇ, ಅರ್ಜಿ ತನ್ನಿ. ಅಭ್ಯರ್ಥಿಯ ಹೆಸರು ತಿದ್ದಬೇಕು.

ಎವೆಲಿಯೊ: ಏನಂತ ತಿದ್ದಲಿ? ಇಳಿಯೋರು ಯಾರೂ ಇಲ್ಲ.

ಅರಿಸ್ತಿದೆಸ್: ಇದಾರೆ. ಬರ್ಕೊಳ್ಳಿ. ‘ಆರೋಗ್ಯದ ಇನ್ಸ್‌ಪೆಕ್ಟರು, ರೆಮಾನ್ಸೊ.’

ಎವೆಲಿಯೊ: ನೀವಾ?

ಅರಿಸ್ತಿದೆಸ್: ನಾನು ಅಂದ್ರೆ ಈ ಕಿಟಕಿಯವನು ಮಾತ್ರ. ರೇವಿನವನಿಗೆ ಹಸುಗೂಸಿದ್ದಾಗಲೇ ಗುಡೀಲಿ ಆಗಿದೆ. ಹಸಿರು ಟೋಪಿಯವನು ಕಟ್ಟಾ ಕಥೋಲಿಕ, ಅವನ ಸುದ್ದಿಗೆ ಹೋಗ್ಬೇಡಿ. ಆದ್ರೆ ಆರೋಗ್ಯದವನು ಹುಟ್ಟಿದ್ದೇ ಎರಡು ವರ್ಷದ ಹಿಂದೆ, ಮೇಯರ್ ಆದೇಶದ ಮೇಲೆ. ಅವನಿಗೆ ಇವತ್ತಿನವರೆಗೂ ಯಾರೂ ದೀಕ್ಷಾಸ್ನಾನ ಮಾಡಿಸಿಲ್ಲ. ದಾಖಲೆ ನೋಡಿ ಬೇಕಾದ್ರೆ.

ಎವೆಲಿಯೊ: ನಂಬಿಕೆ ಬೇಕು ದೊನ್ ಅರಿಸ್ತಿದೆಸ್. ಸುಮ್ಮನೆ ಮುಳುಗಿಸೋಕೆ ಆಗಲ್ಲ. ದೇವರು ಒಬ್ಬನೇ, ಅವನ ಹೆಸರು ಯೇಸು ಅಂತ ನಂಬ್ತೀರಾ?

ಅರಿಸ್ತಿದೆಸ್: ಆರೋಗ್ಯದವನು ನಂಬ್ತಾನೆ. ಒಂಟಿ ಮನುಷ್ಯ. ಇನ್ನಿಬ್ಬರು ಅವನ ಜೊತೆ ಮಾತಾಡಲ್ಲ. ಅವನಿಗೆ ಎಲ್ಲಿ ನೋಡಿದ್ರೂ ಒಬ್ಬನೇ ಕಾಣ್ತಾನೆ.

ಪಾಸ್ಟರ್ ಲೇಖನಿ ಹಿಡಿದುಕೊಂಡು ಲೆಕ್ಕ ಹಾಕಿದರು. ತಮ್ಮ ಬೋಧನೆಯ ಪ್ರಕಾರ ಆಳು ಒಬ್ಬನೇ. ಹುಲ್ಲಿನ ಟೋಪಿಯವನು ಮುಳುಗಿದರೆ ಬಿಳಿ ಟೋಪಿಯವನೂ ಹಸಿರು ಟೋಪಿಯವನೂ ಅವನ ಜೊತೆಗೇ ಮುಳುಗಿದಂತೆ. ಪೂರ್ತಿ ಅರಿಸ್ತಿದೆಸ್, ಬೋಳು ತಲೆಯಿಂದ ಹಿಮ್ಮಡಿಯವರೆಗೆ, ಯೇಸುವಿನ ಹೆಸರಲ್ಲಿ. ಇದರಲ್ಲಿ ಎಲ್ಲೂ ಕೊಂಕು ಕಾಣಲಿಲ್ಲ. ಹೆಸರು ಬರೆದರು.

ಎವೆಲಿಯೊ: ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಒಬ್ಬರನ್ನ ಮುಳುಗಿಸಿದ್ರೆ ಮೂವರೂ ನೆನೀತಾರೆ.

ಅರಿಸ್ತಿದೆಸ್: ಅದು ನಿಮ್ಮ ನಂಬಿಕೆ. ನನ್ನ ನಂಬಿಕೇಲಿ ಉಳಿದಿಬ್ಬರು ಎಂಟು ಗಂಟೆ ಬಲಿಪೂಜೇಲಿ ಮುಂದಿನ ಸಾಲಲ್ಲಿ ಒಣಗಿಕೊಂಡು ಕೂತಿರ್ತಾರೆ.

ಎವೆಲಿಯೊ: ನೆನೀತಾರೆ!

ಅರಿಸ್ತಿದೆಸ್: ನೆನೆಯಲ್ಲ!

ಎವೆಲಿಯೊ: ಸಂಜೆ ಬೆಂಚಿಗೆ ಬನ್ನಿ, ತೋರಿಸ್ತೀನಿ!

ಅರಿಸ್ತಿದೆಸ್: ಬರ್ತೀನಿ! ಭಾನುವಾರಾನೂ ಬರ್ತೀನಿ! ಸೋಮವಾರಾನೂ ಬರ್ತೀನಿ!

ದೊನ್ಯಾ ನೊಹೆಮಿ ಕೊಡೆ ಬಿಚ್ಚಿಕೊಂಡು ಬಾಗಿಲ ಕಡೆ ಹೊರಟವಳು ಹಿಂತಿರುಗಿ ನೋಡಿದಳು.

ನೊಹೆಮಿ: ಒಬ್ಬ ನೆನೀಲಿ, ಮೂವರು ನೆನೀಲಿ, ಏನು ಬೇಕಾದ್ರೂ ಮಾಡ್ಕೊಳ್ಳಿ. ಆ ಕೆಸರು ಪ್ಯಾಂಟು ಒಗೆಯೋಳು ಮಾತ್ರ ನಾನೊಬ್ಬಳೇ.